ಉಳುಕು ತೆಗೆಸೋ ಮುಂಚೆ: ಹಸುಗೂಸಿಗೂ ಬಾಣಂತಿಗೂ ಹಗುರ ಕೈಯ ಉಪಚಾರ

ನನ್ನ ಮಗಳು ಹುಟ್ಟಿ ಇಪ್ಪತ್ತೆರಡನೇ ದಿನ. ಮೂಡಿಗೆರೆ ಹತ್ತಿರದ ತವರುಮನೆ. ಸಂಜೆ ಆರಕ್ಕೆ ಶುರುವಾದ ಅಳು ರಾತ್ರಿ ಒಂಬತ್ತೂವರೆಯಾದರೂ ನಿಲ್ಲಲಿಲ್ಲ. ಆಷಾಢದ ಮಳೆ ಹೆಂಚಿನ ಮೇಲೆ ಬಡಿಯುತ್ತಿತ್ತು, ಕರೆಂಟು ಹೋಗಿತ್ತು. ಹಾಲು ಕೊಟ್ಟಾಯಿತು, ಬಟ್ಟೆ ಬದಲಿಸಿದ್ದಾಯಿತು, ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಕೊನೆಗೆ ಪಕ್ಕದ ತೋಟದ ಲೈನಿನಿಂದ ಒಬ್ಬ ಅಜ್ಜಿಯನ್ನು ಕರೆಸಿದರು. ಅಜ್ಜಿ ಮಗುವಿನ ಬೆನ್ನು ಸವರಿ, "ಉಳುಕಾಗೈತೆ ಕಣವ್ವಾ" ಅಂದವರೇ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಎತ್ತಲು ಹೊರಟರು. ನಾನು ಹಾಸಿಗೆಯಿಂದ ಹೇಗೆ ಎದ್ದೆನೋ ಗೊತ್ತಿಲ್ಲ. ಸಿಸೇರಿಯನ್ ಹೊಲಿಗೆ ಚುರ್ ಅಂದಿತು, ಮಗುವನ್ನು ಕಿತ್ತುಕೊಂಡೆ. ಆಮೇಲೆ ಎರಡು ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ಅಜ್ಜಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಅಳುವ ಕೂಸಿಗೆ ಕೈಯಿಂದ ಏನೋ ಮಾಡಬಹುದು ಅನ್ನುವ ಅವರ ನಂಬಿಕೆ ಪೂರ್ತಿ ತಪ್ಪೂ ಅಲ್ಲ. ಎಷ್ಟು ಒತ್ತಬೇಕು, ಎಲ್ಲಿ ಕೈ ಇಡಬಾರದು ಅನ್ನುವುದರಲ್ಲಿ ನಮ್ಮ ಕಡೆ ಎಡವಟ್ಟಾಗುತ್ತದೆ. ಆಮೇಲೆ ಹಾಸನಕ್ಕೆ ವಾಪಸ್ ಬಂದಾಗ ಒಬ್ಬ ಫಿಸಿಯೋ ಹೇಳಿಕೊಟ್ಟದ್ದು, ಆಸ್ಟಿಯೋಪತಿ ಅನ್ನುವ ಕೈ ಚಿಕಿತ್ಸೆಯ ಬಗ್ಗೆ ನಾನೇ ಓದಿ ತಿಳಿದದ್ದು, ಎರಡು ಬಾಣಂತನದಲ್ಲಿ ಮಾಡಿ ನೋಡಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡೇ ಓದಿ.

ಈ ಆಸ್ಟಿಯೋಪತಿ ಅಂದ್ರೆ ಏನು

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಫೋನಿನಲ್ಲಿ ಈ ಹೆಸರು ಹೇಳಿದಾಗ ನಾನು ಮೂಳೆ ಡಾಕ್ಟರ್ ಅಂದುಕೊಂಡೆ. ಅಲ್ಲ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ವೈದ್ಯರು 1874ರಲ್ಲಿ ಶುರು ಮಾಡಿದ ಪದ್ಧತಿ ಇದು. 1864ರಲ್ಲಿ ಅವರ ಮೂರು ಮಕ್ಕಳು ಮೆದುಳು ಜ್ವರದಲ್ಲಿ ತೀರಿಕೊಂಡರು, ಆಗಿನ ಔಷಧಿಗಳ ಮೇಲೆ ಅವರಿಗೆ ನಂಬಿಕೆಯೇ ಹೊರಟುಹೋಯಿತು. ಮೂಳೆ, ಸ್ನಾಯು, ಕೀಲುಗಳನ್ನು ಕೈಯಿಂದ ಸರಿಮಾಡಿದರೆ ದೇಹ ತಾನೇ ಸುಧಾರಿಸಿಕೊಳ್ಳುತ್ತದೆ ಅನ್ನುವುದು ಅವರ ವಾದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಊರಿನಲ್ಲಿ ಶಾಲೆಯನ್ನೂ ತೆರೆದರು. ಆ ಶಾಲೆಯಲ್ಲಿ ಕಲಿತ ವಿಲಿಯಂ ಸದರ್ಲ್ಯಾಂಡ್ ಅದನ್ನು ತಲೆಬುರುಡೆಗೂ ತಂದರು. ಮಕ್ಕಳಿಗೆ ಮಾಡುವುದು ಹೆಚ್ಚಾಗಿ ಈ ಬಗೆಯೇ. ಇವತ್ತು ಅಮೆರಿಕದಲ್ಲಿ ಈ ಪದವಿ ಪಡೆದವರು ಪೂರ್ಣ ವೈದ್ಯರು, ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರೂ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ.

ಕೆಲಸ ಮಾಡುತ್ತದಾ? ಹೆರಿಗೆಯಲ್ಲಿ ಮಗುವಿನ ತಲೆ, ಕತ್ತಿಗೆ ಬಿದ್ದ ಒತ್ತಡವನ್ನು ಮೃದುವಾಗಿ ಬಿಡಿಸಿದರೆ ಅಳು, ನಿದ್ದೆ, ಹಾಲು ಕುಡಿಯುವ ತೊಂದರೆ ಎಲ್ಲ ಕಡಿಮೆಯಾಗುತ್ತದೆ ಅನ್ನುತ್ತಾರೆ. ಅಳುವ ಮಕ್ಕಳಿಗೆ ಮಾಡುವ ಇಂಥ ಕೈ ಚಿಕಿತ್ಸೆಗಳ ಬಗ್ಗೆ 2012ರಲ್ಲಿ ಕಾಕ್ರೇನ್ ಸಂಸ್ಥೆ 6 ಅಧ್ಯಯನ, 325 ಮಕ್ಕಳ ಲೆಕ್ಕ ಒಟ್ಟಿಗೆ ನೋಡಿತು. ಅಳು ಕಡಿಮೆಯಾಯಿತು ಅಂತ ಅಪ್ಪ ಅಮ್ಮಂದಿರು ಬರೆದಿದ್ದರು. ಆದರೆ ಅಧ್ಯಯನಗಳು ಚಿಕ್ಕವು, ಮಗುವಿಗೆ ಚಿಕಿತ್ಸೆ ಸಿಕ್ಕಿದೆ ಅಂತ ಬರೆಯುವವರಿಗೆ ಗೊತ್ತಿತ್ತು. ಹಾಗಾಗಿ ಗಟ್ಟಿಯಾಗಿ ಏನೂ ಹೇಳಲಾಗದು ಅಂತ ಮುಗಿಸಿದರು. ತಲೆಬುರುಡೆಯ ಮೂಳೆಗಳಲ್ಲಿ ಒಂದು ಲಯ ಇದೆ, ಅದನ್ನು ಬೆರಳಲ್ಲಿ ಹಿಡಿಯಬಹುದು ಅನ್ನುವ ಮಾತಿಗೆ ಇನ್ನೂ ಸರಿಯಾದ ಆಧಾರ ಸಿಕ್ಕಿಲ್ಲ.

ಅದಕ್ಕೇ ಹೇಳುವುದು, ಇದಕ್ಕಾಗಿ ಸಾಲ ಮಾಡಿ ಬೆಂಗಳೂರಿಗೆ ಓಡಬೇಡಿ. ಆದರೆ ಆ ಪದ್ಧತಿಯವರ ಕೈ ಹಗುರ ಇದೆಯಲ್ಲ, ಅದು ಕಲಿಯುವಂಥದ್ದು.

ಕೈ ಎಷ್ಟು ಹಗುರ?

ಸುಮಾರು 5 ಗ್ರಾಂ ಒತ್ತಡ ಸಾಕು ಅನ್ನುತ್ತಾರೆ ತಲೆಬುರುಡೆ ಪದ್ಧತಿಯವರು. ಓದುವಾಗ ಹೂಂ ಅಂದುಕೊಂಡುಬಿಡುತ್ತೇವೆ. ನಮ್ಮನೆಯಲ್ಲಿ ಅಡುಗೆಗೆ ಒಂದು ಡಿಜಿಟಲ್ ತಕ್ಕಡಿ ಇದೆ. ಅದರ ಮೇಲೆ ನಾನು "ಮೆತ್ತಗೆ" ಅಂದುಕೊಂಡು ಎರಡು ಬೆರಳಿಟ್ಟೆ. 180 ಗ್ರಾಂ ತೋರಿಸಿತು! ಮತ್ತೆ ಮತ್ತೆ ಪ್ರಯತ್ನಿಸಿ, ಉಸಿರು ಬಿಗಿಹಿಡಿದು, ಭುಜ ಇಳಿಬಿಟ್ಟ ಮೇಲೆ 20ಕ್ಕೆ ಬಂತು. 5ಕ್ಕೆ ಬಂದಾಗ ಬೆರಳು ತಾಗಿದೆಯೋ ಇಲ್ಲವೋ ಅನ್ನುವ ಹಾಗಿತ್ತು. ನನ್ನ ಗಂಡ "ಇಷ್ಟೇನಾ, ಕೊಡು ಇಲ್ಲಿ" ಅಂತ ಬಂದವರು 400 ದಾಟಿಸಿದರು. ತಕ್ಕಡಿ ಇಲ್ಲವಾ, ಆಗ ತಾನೇ ಇಳಿಸಿದ ಇಡ್ಲಿ ಮೇಲೆ ಬೆರಳಿಡಿ. ಗುಳಿ ಬೀಳಬಾರದು. ಎಣ್ಣೆ ಹಚ್ಚಿ ಸವರುವಾಗ ಇದಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ ಬೇಕಾಗುತ್ತದೆ, ತೀರಾ ಹಗುರವಾದರೆ ಮಗುವಿಗೆ ಕಚಗುಳಿಯಾಗುತ್ತದೆ. ಆದರೆ ಚರ್ಮ ಕೆಂಪಾದರೆ ನಿಮ್ಮ ಕೈ ಭಾರ ಅಂತಲೇ ಅರ್ಥ.

ಕೈ ಹಾಕುವ ಮೊದಲು ನೋಡಬೇಕಾದದ್ದು ಇಷ್ಟು. ಬಳೆ, ಉಂಗುರ ತೆಗೆದಿಡಿ, ಉಗುರು ಕತ್ತರಿಸಿ. ಹಾಲು ಕುಡಿದು ಮುಕ್ಕಾಲು ಗಂಟೆಯಾದರೂ ಆಗಿರಲಿ. ಮಗುವಿಗೆ ಜ್ವರ ಇದ್ದರೆ ಬೇಡವೇ ಬೇಡ. 6, 10, 14ನೇ ವಾರದ ಲಸಿಕೆ ಆದಾಗ ಸೂಜಿ ಚುಚ್ಚಿದ ತೊಡೆಯನ್ನು ತಿಕ್ಕಬೇಡಿ. ಹೊಕ್ಕುಳಬಳ್ಳಿ ಬೀಳುವ ತನಕ ಹೊಟ್ಟೆ ಮುಟ್ಟಬೇಡಿ. ದಿನ ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಸಕಲೇಶಪುರ ಮೂಡಿಗೆರೆ ಕಡೆ ಅಂತೂ, ಗೋಡೆಯೇ ತಣ್ಣಗೆ ಬೆವರುತ್ತಿರುತ್ತದೆ. ಕೋಣೆ ಬೆಚ್ಚಗೆ ಮಾಡಿಕೊಳ್ಳಿ, ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡಬೇಡಿ. ಸಾಂಬ್ರಾಣಿ ಹೊಗೆಯೂ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ವಾಸನೆ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಎಣ್ಣೆ? ಕೊಬ್ಬರಿ ಎಣ್ಣೆ ಸಾಕು. ಅರಸೀಕೆರೆ ಕಡೆ ನೆಂಟರಿದ್ದರೆ ಗಾಣದ್ದೇ ತರಿಸಿಕೊಳ್ಳಿ, ಇಲ್ಲದಿದ್ದರೆ ಅಂಗಡಿಯ ಶುದ್ಧ ಎಣ್ಣೆಯೂ ನಡೆಯುತ್ತದೆ. ಮೊದಲ ದಿನ ಕಾಲಿಗೆ ಒಂದು ತೊಟ್ಟು ಹಚ್ಚಿ, ಮರುದಿನ ಗುಳ್ಳೆ ಎದ್ದಿಲ್ಲ ಅಂತ ನೋಡಿಕೊಂಡು ಮುಂದುವರಿಸಿ. ಮೂಗು, ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ಯಾರೇ ಹೇಳಿದರೂ ಒಪ್ಪಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಮಗುವಿಗೆ ಮಾಡುವ ಕ್ರಮ

ನಿಮ್ಮ ಮಗು ಯಾವ ಹೊತ್ತಿಗೆ ಅಳಲು ಶುರು ಮಾಡುತ್ತದೆ ಅಂತ ಮೂರು ದಿನ ನೋಡಿ. ನಮ್ಮವಳದು ಸಂಜೆ ಆರು. ಅದಕ್ಕೆ ಹದಿನೈದು ನಿಮಿಷ ಮೊದಲೇ ಶುರು ಮಾಡಬೇಕು, ಅಳು ತಾರಕಕ್ಕೇರಿದ ಮೇಲೆ ಯಾವ ಕೈಯೂ ಕೆಲಸ ಮಾಡುವುದಿಲ್ಲ. ನೀವು ಕಾಲು ಚಾಚಿ ಕೂರಿ, ಬೆನ್ನಿಗೆ ಗೋಡೆ ಇರಲಿ. ನಮ್ಮ ಅಜ್ಜಿಯಂದಿರು ಮಗುವಿಗೆ ನೀರು ಹಾಕುವಾಗ ಕೂರುತ್ತಾರಲ್ಲ, ಅದೇ ಭಂಗಿ. ಮಗು ನಿಮ್ಮ ಕಾಲ ಮೇಲೆ ಅಂಗಾತ, ಮುಖ ನಿಮ್ಮ ಕಡೆ.

ಮೊದಲು ಸವರಬೇಡಿ. ಒಂದು ಅಂಗೈ ಮಗುವಿನ ಎದೆಯ ಮೇಲೆ, ಇನ್ನೊಂದು ಸೊಂಟದ ಕೆಳಗೆ, ಕುಂಡಿಯ ಮೇಲ್ಭಾಗದ ಚಪ್ಪಟೆ ಮೂಳೆಗೆ ಆಸರೆಯಾಗಿ. ಸುಮ್ನೆ ಇಟ್ಟುಕೊಂಡಿರಿ. ಹಸುಗೂಸು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ, ಮಧ್ಯೆ ಒಂದೆರಡು ಕ್ಷಣ ನಿಲ್ಲಿಸಿ ಮತ್ತೆ ಶುರು ಮಾಡುವುದೂ ಉಂಟು. ಆ ಏರಿಳಿತ ನಿಮ್ಮ ಅಂಗೈಗೆ ತಿಳಿಯುವ ತನಕ ಕಾಯಿರಿ. ಮೊದಲ ಸಲ ನನಗೆ ಏನೂ ತಿಳಿಯಲಿಲ್ಲ, ಮೊಬೈಲ್ ನೆನಪಾಗುತ್ತಿತ್ತು. ನಾಲ್ಕನೇ ದಿನ, ಮಗಳು ಮುಷ್ಟಿ ಬಿಚ್ಚಿದ್ದು ಕಂಡಿತು. ಹೆಬ್ಬೆರಳು ಒಳಗೆ ಮಡಚಿ ಬಿಗಿಹಿಡಿದಿದ್ದ ಮುಷ್ಟಿ, ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು. ಆಮೇಲೆ ಒಂದು ದೊಡ್ಡ ಆಕಳಿಕೆ. ಆ ಹೊತ್ತಿಗೆ ಎಣ್ಣೆ ಹಚ್ಚಲು ಶುರು ಮಾಡಬಹುದು. ಮುಖ ತಿರುಗಿಸಿದರೆ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿದರೆ, ಬಿಕ್ಕಳಿಕೆ ಹತ್ತಿದರೆ ಬೇಡ ಅಂತ ಹೇಳುತ್ತಿದೆ. ನಿಲ್ಲಿಸಿ, ಎತ್ತಿಕೊಳ್ಳಿ.

ಹೊಟ್ಟೆಗೆ: ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಹೊಕ್ಕುಳದ ಸುತ್ತ, ಅಂಗೈಯಿಂದ ನಿಧಾನ ಸವರಿ. ದೊಡ್ಡ ಕರುಳು ಮಗುವಿನ ಬಲ ಕೆಳಗಿನಿಂದ ಮೇಲೇರಿ, ಅಡ್ಡ ಹೋಗಿ, ಎಡಕ್ಕೆ ಇಳಿಯುತ್ತದೆ, ಅದಕ್ಕೇ ಈ ದಿಕ್ಕು. ಆಮೇಲೆ ಎರಡೂ ಮಂಡಿ ಮಡಚಿ ಹೊಟ್ಟೆಯ ಕಡೆಗೆ ತನ್ನಿ, ಮೂರು ಎಣಿಸಿ ಬಿಡಿ. ಸೈಕಲ್ ತುಳಿಸಿದ ಹಾಗೆ ಒಂದೊಂದೇ ಕಾಲು ಆಡಿಸಿ. ಸದ್ದು ಬಂದರೆ ಮನೆಯವರೆಲ್ಲ ಖುಷಿಪಡುತ್ತಾರೆ ನೋಡಿ, ಅದೊಂದು ಹಬ್ಬ.

ಇಷ್ಟು ಮಾಡಿದರೂ ಅಳು ಪೂರ್ತಿ ನಿಲ್ಲದೇ ಇರಬಹುದು. ದಿನಕ್ಕೆ ಮೂರು ಗಂಟೆ, ವಾರಕ್ಕೆ ಮೂರು ದಿನ, ಆರೋಗ್ಯವಾಗಿರುವ ಮಗುವೇ ಕಾರಣವಿಲ್ಲದೆ ಅಳುವುದಕ್ಕೆ ಡಾಕ್ಟರುಗಳು ಕಾಲಿಕ್ ಅನ್ನುತ್ತಾರೆ. ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಉಳುಕು ತೆಗೆಸಿದವರಿಗೂ, ಗ್ರೈಪ್ ವಾಟರ್ ಕುಡಿಸಿದವರಿಗೂ, ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೂ ಗುಣವಾಯಿತು ಅನ್ನಿಸುವುದು ಇದರಿಂದಲೇ ಅಂತ ನನ್ನ ಅನುಮಾನ.

ತಲೆಕೆಳಗು ಹಿಡಿಯುವುದು, ಸೀರೆಯಲ್ಲಿ ಹಾಕಿ ಉರುಳಿಸುವುದು, ಕುಲುಕುವುದು, ಇವು ಯಾವುದೂ ಬೇಡ. ಹಸುಗೂಸಿನ ತಲೆ ದೇಹಕ್ಕೆ ಹೋಲಿಸಿದರೆ ತುಂಬಾ ಭಾರ, ಕತ್ತಿಗೆ ಇನ್ನೂ ಬಲ ಬಂದಿರುವುದಿಲ್ಲ. ಜೋರಾಗಿ ಕುಲುಕಿದರೆ ಮೆದುಳು ಬುರುಡೆಯೊಳಗೆ ಅತ್ತಿತ್ತ ಬಡಿದು ರಕ್ತನಾಳ ಹರಿಯುತ್ತವೆ. ಹೊರಗೆ ಒಂದು ಗಾಯವೂ ಕಾಣುವುದಿಲ್ಲ. ಅಳು ಕೇಳಿ ಕೇಳಿ ನಿಮಗೇ ರೇಗಿದರೆ, ರೇಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ, ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಜಗಲಿಯಲ್ಲಿ ಕೂತು ಬನ್ನಿ.

ತಲೆ, ಕತ್ತು, ಸೊಂಟ

ಹುಟ್ಟಿದಾಗ ತಲೆ ಉದ್ದಕ್ಕಿತ್ತು ಅಂತ ದಿನಾ ಒತ್ತಿ ಒತ್ತಿ ದುಂಡಗೆ ಮಾಡುವವರಿದ್ದಾರೆ, ಮೂಗು ಎಳೆದು ಉದ್ದ ಮಾಡುವವರೂ. ಎರಡೂ ಬೇಡ. ಹೆರಿಗೆಯಲ್ಲಿ ಒತ್ತಿಕೊಂಡ ತಲೆ ತಾನೇ ಸರಿಹೋಗುತ್ತದೆ. ತಲೆಯ ಒಂದು ಕಡೆ ಬುಗುಟು ಇದ್ದರೆ ಅದು ರಕ್ತ ಕಟ್ಟಿದ್ದಿರಬಹುದು, ಕರಗಲು ವಾರಗಳೇ ಹಿಡಿಯುತ್ತವೆ, ತಿಕ್ಕಬಾರದು. ನೆತ್ತಿ ಮಿಡಿಯುವುದು ಸಹಜ. ಮುಂದಿನ ನೆತ್ತಿ ಮುಚ್ಚಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು, ಎಣ್ಣೆ ತುಂಬಿಸಿದರೆ ಬೇಗ ಮುಚ್ಚುವುದಿಲ್ಲ.

ಕತ್ತಿನ ಬಗ್ಗೆ ಸ್ವಲ್ಪ ಗಮನ ಕೊಡಿ. ಮಗು ಯಾವಾಗಲೂ ಒಂದೇ ಕಡೆ ತಿರುಗಿ ಮಲಗುತ್ತದಾ? ಒಂದು ಎದೆಯಲ್ಲಿ ಚೆನ್ನಾಗಿ ಕುಡಿದು ಇನ್ನೊಂದಕ್ಕೆ ಹಟ ಮಾಡುತ್ತದಾ? ಕತ್ತಿನ ಪಕ್ಕದಲ್ಲಿ ಚಿಕ್ಕ ಗಂಟು ಸಿಗುತ್ತದಾ? ಕತ್ತಿನ ಸ್ನಾಯು ಬಿಗಿದಿರಬಹುದು. ಇದಕ್ಕೆ ಕೈ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸಿ ಫಿಸಿಯೋ ಹತ್ತಿರ ಹೋದರೆ ಹಿಗ್ಗಿಸುವ ವ್ಯಾಯಾಮ ಹೇಳಿಕೊಡುತ್ತಾರೆ, ಬೇಗ ಶುರು ಮಾಡಿದರೆ ಹೆಚ್ಚಿನ ಮಕ್ಕಳಿಗೆ ಅಷ್ಟೇ ಸಾಕು. ನೀವಾಗಿಯೇ ಕತ್ತು ತಿರುಗಿಸಬೇಡಿ. ಮನೆಯಲ್ಲಿ ಮಾಡಬಹುದಾದ್ದು ಬೇರೆ: ತೊಟ್ಟಿಲಲ್ಲಿ ತಲೆ ಕಾಲಿನ ದಿಕ್ಕು ದಿನ ಬಿಟ್ಟು ದಿನ ಬದಲಿಸಿ. ಕಿಟಕಿಯ ಬೆಳಕು, ನಿಮ್ಮ ಮುಖ, ಯಾವ ಕಡೆ ಇದೆಯೋ ಮಗು ಆ ಕಡೆ ತಾನೇ ತಿರುಗುತ್ತದೆ. ಮಲಗುವುದು ಯಾವಾಗಲೂ ಅಂಗಾತವೇ ಇರಲಿ. ಎಚ್ಚರವಿದ್ದಾಗ ನಿಮ್ಮ ಎದೆಯ ಮೇಲೆ ಬೋರಲು ಹಾಕಿಕೊಳ್ಳಿ, ಮೊದಲು ಒಂದೆರಡು ನಿಮಿಷ, ಆಮೇಲೆ ಜಾಸ್ತಿ. ತಲೆಯ ಹಿಂಭಾಗ ಚಪ್ಪಟೆಯಾಗುವುದಕ್ಕೂ ಇದೇ ಮದ್ದು.

ಕಾಲು ನೆಟ್ಟಗಾಗಲಿ ಅಂತ ಎರಡೂ ಕಾಲು ಜೋಡಿಸಿ ಎಳೆದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ನಮ್ಮಲ್ಲಿ ಸಾಮಾನ್ಯ. ಇದರಿಂದ ಸೊಂಟದ ಕೀಲು ಗುಣಿಯಿಂದ ಜಾರುವ ಅಪಾಯ ಇದೆ. ಕೈ ಸುತ್ತಿ, ಕಾಲು ಕಪ್ಪೆಯ ಹಾಗೆ ಅಗಲಿಸಿಕೊಳ್ಳಲು ಜಾಗ ಬಿಡಿ. ಮಗುವಿನ ಕತ್ತು ನಿಂತ ಮೇಲೆ ನಮ್ಮ ಹೆಂಗಸರು ಸೊಂಟದ ಮೇಲೆ ಎತ್ತಿಕೊಂಡು ಓಡಾಡುತ್ತಾರಲ್ವಾ, ಸೊಂಟದ ಕೀಲಿಗೆ ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ. ಒಂದು ತೊಡೆ ಅಗಲಿಸಲು ಬಾರದಿದ್ದರೆ, ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ಸಮ ಇಲ್ಲದಿದ್ದರೆ ಮನೆಗೆ ಬರುವ ಆಶಾ ಅವರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28, 42ನೇ ದಿನ ಅವರು ಬಂದು ನೋಡಬೇಕು. ಸೊಂಟದ ಕೀಲು, ಸೊಟ್ಟ ಪಾದ ಎರಡೂ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ, ಚಿಕಿತ್ಸೆ ಉಚಿತ.

ಬಾಣಂತಿಯ ಮೈ

ಎಲ್ಲರೂ ಮಗು ನೋಡಲು ಬರುತ್ತಾರೆ. ತಾಯಿಯ ಕೈ ನೋಯುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ.

ನನಗೆ ಎರಡನೇ ತಿಂಗಳಲ್ಲಿ ಬಲ ಹೆಬ್ಬೆರಳಿನ ಬುಡ ಎಷ್ಟು ನೋಯುತ್ತಿತ್ತೆಂದರೆ ಕಾಫಿ ಲೋಟ ಎತ್ತಲು ಆಗುತ್ತಿರಲಿಲ್ಲ. ವಾಯು ಅಂದರು, ತಣ್ಣೀರು ಮುಟ್ಟಿದ್ದೀಯ ಅಂದರು. ಫಿಸಿಯೋ ಒಂದೇ ಮಾತು ಕೇಳಿದರು: "ಮಗುವನ್ನ ಹೇಗೆ ಎತ್ತುತ್ತೀರಿ, ತೋರಿಸಿ." ಕಂಕುಳಡಿ ಎರಡೂ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಎತ್ತಿದೆ. ದಿನಕ್ಕೆ ಐವತ್ತು ಸಲ ಹಾಗೆ ಎತ್ತಿದರೆ ಹೆಬ್ಬೆರಳಿನ ನರಗಳು, ಅಂದರೆ ಸ್ನಾಯುವಿನ ಹುರಿಗಳು, ಉಜ್ಜಿಕೊಂಡು ಊದುತ್ತವೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಗ್ಗಿಸಿ ನೋಡಿ. ಜೀವ ಹೋದ ಹಾಗಾದರೆ ಇದೇ. ಎತ್ತುವ ಕ್ರಮ ಬದಲಿಸಿ: ಒಂದು ಅಂಗೈ ಕುಂಡಿಯ ಕೆಳಗೆ, ಇನ್ನೊಂದು ತಲೆ ಕತ್ತಿನ ಕೆಳಗೆ, ಹೆಬ್ಬೆರಳು ಬೆರಳುಗಳ ಜೊತೆಗೇ ಇರಲಿ, ಮೊರದಲ್ಲಿ ಎತ್ತಿಕೊಂಡ ಹಾಗೆ. ಮೂರು ವಾರದಲ್ಲಿ ನನಗೆ ಮುಕ್ಕಾಲು ಪಾಲು ಕಡಿಮೆಯಾಯಿತು.

ಹಾಲು ಕೊಡುವಾಗ ನೀವು ಬಗ್ಗಬೇಡಿ, ಮಗುವನ್ನು ಎದೆಯ ಎತ್ತರಕ್ಕೆ ತನ್ನಿ. ದಿಂಬು ಎರಡು ಬೇಕಾದರೆ ಎರಡು. ಕತ್ತು, ಭುಜದ ಅರ್ಧ ನೋವು ಅಲ್ಲಿಗೇ ಹೋಗುತ್ತದೆ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ, ಕತ್ತು ತಿರುಚಿಕೊಂಡು ಯಾರಾದರೂ ನುಂಗಲು ಆಗುತ್ತದಾ ಹೇಳಿ.

ಬೆನ್ನಿಗೆ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳಿ, ಬಿಸಿನೀರು ಹಾಕಿಸಿಕೊಳ್ಳಿ, ಅದರ ಸುಖ ಗೊತ್ತೇ ಇದೆ. ಸಿಸೇರಿಯನ್ ಆದವರು ಹೊಲಿಗೆ ಪೂರ್ತಿ ಮಾಗುವ ತನಕ, ಅಂದರೆ ಸುಮಾರು ಆರು ವಾರ, ಅಲ್ಲಿ ಮುಟ್ಟಿಸಬೇಡಿ. ಡಾಕ್ಟರ್ ನೋಡಿ ಸರಿ ಅಂದ ಮೇಲೆ ಗಾಯದ ಸುತ್ತಲಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅತ್ತಿತ್ತ ಸರಿಸಿ. ಹೊಟ್ಟೆಗೆ ಬಟ್ಟೆ ಕಟ್ಟುವುದಾದರೆ ಸಡಿಲವಾಗಿರಲಿ, ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಕ್ಕೆ, ಗರ್ಭಕೋಶದ ಕಡೆಗೆ ಹೋಗುತ್ತದೆ. ಅಂಗಾತ ಮಲಗಿ ತಲೆ ಸ್ವಲ್ಪ ಎತ್ತಿದಾಗ ಹೊಕ್ಕುಳದ ಮೇಲೆ ಎರಡು ಬೆರಳಿಗಿಂತ ಅಗಲ ಸಂದು ಸಿಕ್ಕರೆ, ಸೀನಿದಾಗ ಮೂತ್ರ ಜಿನುಗಿದರೆ, ಫಿಸಿಯೋಗೆ ಹೇಳಿ. ಎರಡಕ್ಕೂ ವ್ಯಾಯಾಮ ಇದೆ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅನ್ನುವ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ, ಬಾಯಾರಿದಷ್ಟು ಕುಡಿಯಿರಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಕಿತ್ತು ಶ್ವಾಸಕೋಶಕ್ಕೆ ಹೋಗುತ್ತದೆ. ಅವತ್ತೇ ಆಸ್ಪತ್ರೆಗೆ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೂ ಹಾಗೆಯೇ. ಎರಡು ವಾರ ದಾಟಿದರೂ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಮಗು ಬೇಡ ಅನ್ನಿಸುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪಂದಿರಿಗೆ ಒಂದೇ ಕೆಲಸ. ಅಂಗಿ ಬಿಚ್ಚಿ, ಒರಗಿ ಕೂತು, ಬರೀ ಲಂಗೋಟಿ ಹಾಕಿದ ಮಗುವನ್ನು ಎದೆಗೆ ಹಾಕಿಕೊಂಡು ಮೇಲೊಂದು ಶಾಲು ಹೊದೆಯಿರಿ. ಕಾಂಗರೂ ಆರೈಕೆ ಅಂತ ಹೆಸರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಡಾಕ್ಟರುಗಳು ಕಂಡುಕೊಂಡದ್ದು, ಈಗ ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಹೇಳಿಕೊಡುತ್ತಾರೆ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ನಮ್ಮವರು ತಕ್ಕಡಿಯಲ್ಲಿ ಸೋತರೂ ಇದರಲ್ಲಿ ಗೆದ್ದರು. ಆದರೆ ಅಪ್ಪನಿಗೇ ನಿದ್ದೆ ಬಂದರೆ ಮಗುವನ್ನು ತೊಟ್ಟಿಲಿಗೆ ಹಾಕಬೇಕು.

ದುಡ್ಡು ಕೊಟ್ಟು ಮಾಡಿಸುವುದಾದರೆ

ಮೊದಲು ಮಕ್ಕಳ ಡಾಕ್ಟರ್ ನೋಡಿರಲಿ, ಹಾಸನದ ಹಿಮ್ಸ್ ಆಗಲಿ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಆಗಲಿ. ಆಮೇಲೆ ಕೈ ಚಿಕಿತ್ಸೆಯವರನ್ನು ಕೇಳಿ: ಏನು ಓದಿದ್ದೀರಿ, ಎಷ್ಟು ಹಸುಗೂಸುಗಳನ್ನು ನೋಡಿದ್ದೀರಿ, ಎಷ್ಟು ಸಲದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ. ಕೊನೆಯ ಪ್ರಶ್ನೆಗೆ ಒಬ್ಬರು ನನಗೆ ಉತ್ತರ ಕೊಡದೆ ಹತ್ತು ಸಿಟ್ಟಿಂಗ್‌ನ ಮುಂಗಡ ಕೇಳಿದರು, ಎದ್ದು ಬಂದೆ. ಮಗು ಸದಾ ನಿಮ್ಮ ತೊಡೆಯ ಮೇಲೆ ಅಥವಾ ಕಣ್ಣೆದುರಿಗೇ ಇರಬೇಕು. "ಮೂಳೆ ಜಾರಿದೆ, ಕೂರಿಸುತ್ತೇನೆ" ಅಂದವರಿಗೆ, ಕತ್ತು ಲಟಕ್ ಅನ್ನಿಸಲು ಹೊರಟವರಿಗೆ, ಲಸಿಕೆ ಬೇಡ ಅನ್ನುವವರಿಗೆ ಕೈ ಮುಗಿದು ಬಂದುಬಿಡಿ.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹಸಿರು ವಾಂತಿ, ಉಬ್ಬಿದ ನೆತ್ತಿ, ಹಾಲು ಬಿಟ್ಟು ಮಂಕಾಗಿರುವುದು, ಒಂದು ಕೈಯೋ ಕಾಲೋ ಆಡಿಸದೇ ಇರುವುದು, ಎಂದೂ ಕೇಳದಂಥ ಕೀರಲು ಅಳು, ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗುವುದು: ಇವಕ್ಕೆ ಯಾವ ಕೈ ಚಿಕಿತ್ಸೆಯೂ ಇಲ್ಲ. ತೋಟದ ಮನೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹೊರಡುವಾಗ ತಾಯಿ ಕಾರ್ಡ್ ಮರೆಯಬೇಡಿ. ಅದರ ಜೊತೆಗೇ ಒಂದು ಚೀಟಿಯಲ್ಲಿ ಕೊನೆಯ ಸಲ ಹಾಲು ಕುಡಿದದ್ದು ಎಷ್ಟು ಗಂಟೆಗೆ, ಮೂತ್ರ ಹೋದದ್ದು ಯಾವಾಗ, ಮನೆಯಲ್ಲಿ ಏನೇನು ಕುಡಿಸಿದ್ದೀರಿ, ಯಾರಾದರೂ ಉಳುಕು ತೆಗೆದಿದ್ದಾರಾ, ಎಲ್ಲ ಬರೆದಿಟ್ಟುಕೊಳ್ಳಿ. ಬೈಯುತ್ತಾರೆ ಅಂತ ಕೊನೆಯದನ್ನು ಬಿಡಬೇಡಿ.